ಹಿಮದ ಗಾಡಿಗೆ ಹಲ್ಲು ಕೂಡಿಸಿದ್ದು

ಫಿನ್‌ಲೆಂಡಿನಿಂದ ಬಂದಮೇಲೆ ನನ್ನನ್ನು ಕಂಡವರೆಲ್ಲ ಚಳಿಯ ಬಗ್ಗೆಯೇ ಕೇಳುತ್ತಾರೆ. "ಎಷ್ಟ್ ಥಂಡಿ ಇತ್ರೀ ಅಕ್ಕಾರ?" ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಾರೆ, ಸಂತೆಯಲ್ಲಿ ಕೇಳುತ್ತಾರೆ. ಶಿಗ್ಗಾಂವಿಯ ಒಂದು ಮದುವೆಯಲ್ಲಿ ಊಟಕ್ಕೆ ಕುಳಿತಾಗ ಎದುರು ಸಾಲಿನವರು ಕೂಗಿ ಕೇಳಿದರು. ಬಹಳ ಇತ್ತು ಎಂದು ಹೇಳಿ ಸುಮ್ಮನಾಗುತ್ತೇನೆ. ಚಳಿಯದೇನು, ಮೈಮೇಲೆ ನಾಲ್ಕು ಬಟ್ಟೆ ಹೇರಿಕೊಂಡರೆ ತಡೆಯುತ್ತದೆ. ತಡೆಯಲಾರದ್ದು ಬೇರೆಯೇ ಇತ್ತು, ಅದನ್ನು ಯಾರೂ ಕೇಳಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಹಾನಗಲ್, ಹೊರಡುವ ಮುಂಚೆ

ನನ್ನ ಹೆಸರು ಗಿರಿಜಾ. ಹಾನಗಲ್ಲಿನಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ನಮ್ಮದು. ಅಪ್ಪ ಹಾಕಿದ ಅಂಗಡಿ. ಮುಂದೆ ಕೌಂಟರು, ಹಿಂದೆ ವೆಲ್ಡಿಂಗ್ ಶೆಡ್ಡು. ಕುಂಟಿ, ಕೂರಿಗೆ, ಕಲ್ಟಿವೇಟರ್ ಹಲ್ಲು, ಎಲ್ಲವನ್ನೂ ಮಾರುತ್ತೇವೆ, ಕೂಡಿಸಿಯೂ ಕೊಡುತ್ತೇವೆ. ಹತ್ತಿಮತ್ತೂರಿನ ಎರೆಹೊಲಕ್ಕೆ ಯಾವ ಹಲ್ಲು ಬೇಕು, ಅಬಲೂರಿನ ಒಣನೆಲಕ್ಕೆ ಯಾವುದು ಬೇಕು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅಪ್ಪ ಹಾಸಿಗೆ ಹಿಡಿದಾಗಿನಿಂದ ಆ ಕೌಂಟರಿನಲ್ಲಿ ಕುಳಿತವಳು ನಾನೇ. ನಮ್ಮ ಮನೆಯವರು ಹೈಸ್ಕೂಲು ಮಾಸ್ತರು, ಅವರಿಗೆ ನಟ್ಟಿಗೂ ಬೋಲ್ಟಿಗೂ ವ್ಯತ್ಯಾಸ ಗೊತ್ತಿಲ್ಲ.

ಆದರೆ ಅಪ್ಪ ಹೋಗುವಾಗ ಜಾಗವನ್ನು ತಮ್ಮ ಈರಣ್ಣನ ಹೆಸರಿಗೆ ಮಾಡಿ ಹೋದರು. ನನಗೆ ಆಗ ಏನೂ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅನ್ನಿಸಿತು. ಬಾಯಿ ಬಿಡಲಿಲ್ಲ, ಅಷ್ಟೆ. ಈರಣ್ಣ ವೆಲ್ಡಿಂಗ್ ಕಲಿತು, ಯಾವುದೋ ಏಜೆನ್ಸಿ ಹಿಡಿದು ಫಿನ್‌ಲೆಂಡಿಗೆ ಹೋದ. ಅಲ್ಲಿ ಕಾರ್ಖಾನೆ ಬಿಟ್ಟು ಉತ್ತರದ ತುದಿಯ ಇವಾಲೊ ಎಂಬ ಊರಿನಲ್ಲಿ ಹಿಮದ ಮೇಲೆ ಓಡುವ ಗಾಡಿಗಳ ಮೆಕ್ಯಾನಿಕ್ ಆದ. ಅಂಗಡಿ ನನ್ನ ಕೈಯಲ್ಲೇ ನಡೆಯುತ್ತಿತ್ತು.

ಹೋದ ಚಳಿಗಾಲದಲ್ಲಿ ಅವನ ಫೋನು ಬಂತು. ಯಾರೋ ಬಟ್ಟೆ ಶೋರೂಮಿನವರು ಜಾಗ ಕೇಳುತ್ತಿದ್ದಾರಂತೆ.

"ಕೊಟ್ ಬಿಡೋಣೇನಕ್ಕಾ?" ಎಂದ.

"ಮತ್ತ ಅಂಗಡಿ?"

"ಅದನ್ನ ಮಾತಾಡೂಣು. ನೀ ಒಮ್ಮೆ ಇಲ್ಲೆ ಬಾ. ಎದುರಾಬದುರು ಕುಂತು ಮಾತಾಡಿದ್ರ ಛಲೋ. ಟಿಕೆಟ್ ನಾ ಕಳಸ್ತೇನಿ."

ಹೋಗಲು ನಾನು ಒಪ್ಪಿದ್ದು ಹಿಮ ನೋಡುವ ಆಸೆಗಲ್ಲ. ಅವನ ಬಾಯಿಂದ "ಅಂಗಡಿ ನೀ ನಡಸು ಅಕ್ಕಾ" ಎಂಬ ಒಂದು ಮಾತು ತರಬೇಕಿತ್ತು. ಅದೊಂದು ಸಿಕ್ಕರೆ ಸಾಕಿತ್ತು.

ಹೆಲ್ಸಿಂಕಿ

ನಮ್ಮ ಸವಣೂರು ಬಸ್ಸಿನಲ್ಲಿ ಜಾಗವಿಲ್ಲದಿದ್ದರೆ ಪಕ್ಕದವರ ತೊಡೆಯ ಮೇಲೆ ಕೂಸನ್ನಿಟ್ಟು, ಅವರ ಕಾಲ ಮೇಲೆ ಚೀಲವಿಟ್ಟು, ಆಮೇಲೆ ಯಾವ ಊರಿನವರು ಎಂದು ವಿಚಾರಿಸುತ್ತೇವೆ. ಹೆಲ್ಸಿಂಕಿಯಲ್ಲಿ ವಿಮಾನ ಬದಲಿಸಲು ಒಂದು ದಿನ ಉಳಿಯಬೇಕಾಗಿತ್ತು. ಬಸ್‌ಸ್ಟಾಪಿನಲ್ಲಿ ಜನ ನಿಂತಿದ್ದನ್ನು ನೋಡಿ ಅವರೊಳಗೆ ಜಗಳವಾಗಿದೆ ಎಂದುಕೊಂಡೆ. ಒಬ್ಬರಿಂದ ಒಬ್ಬರು ಮಾರು ದೂರ. ನಾನು ರೂಢಿಯಂತೆ ಒಬ್ಬ ಹೆಣ್ಣುಮಗಳ ಪಕ್ಕಕ್ಕೆ ಹೋಗಿ ನಿಂತೆ. ಆಕೆ ಸ್ವಲ್ಪ ಸರಿದಳು. ಜಾಗ ಕೊಟ್ಟಳೆಂದು ತಿಳಿದು ನಾನೂ ಸರಿದೆ. ಆಕೆ ಮತ್ತೆ ಸರಿದಳು. ಹೀಗೆ ಸರಿದು ಸರಿದು ಇಬ್ಬರೂ ನೆರಳಿನ ಮಾಡು ದಾಟಿ ಹಿಮದಲ್ಲಿ ನಿಂತೆವು. ಆಮೇಲೆ ನನಗೆ ಹೊಳೆಯಿತು. ನಾಚಿಕೆಯಾಗಿ ಹಲ್ಲು ಕಿರಿದೆ. ಆಕೆ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಬಸ್ಸು ಬಂದಾಗ ನನ್ನ ಚೀಲವನ್ನು ತಾನೇ ಎತ್ತಿ ಒಳಗಿಟ್ಟು, ದೂರದ ಸೀಟಿನಲ್ಲಿ ಹೋಗಿ ಕುಳಿತಳು.

ಆ ಜನರ ರೀತಿ ಹಾಗೆ. ಬಾಯಿ ಕಡಿಮೆ, ಕೈ ಮುಂದು. ನಮ್ಮಲ್ಲಿ ಇದರ ಉಲ್ಟಾ ಇರುವವರೇ ಜಾಸ್ತಿ. ಅಂಥವನೊಬ್ಬನ ಮನೆಗೇ ಹೊರಟಿದ್ದೇನೆಂದು ಅವತ್ತು ನನಗೆ ಗೊತ್ತಿರಲಿಲ್ಲ.

ಇವಾಲೊ

ಈರಣ್ಣ ವಿಮಾನ ನಿಲ್ದಾಣಕ್ಕೆ ಬಂದಿದ್ದ. ನಾನು ಹೋಗಿ ತಬ್ಬಿಕೊಳ್ಳಬೇಕು ಎನ್ನುವಷ್ಟರಲ್ಲಿ ಕೈ ಮುಂದೆ ಚಾಚಿದ. ಕೈ ಕುಲುಕಿದೆವು. ಊರಿನಿಂದ ಹೊರಡುವಾಗ ನನ್ನ ಕಾಲು ಮುಟ್ಟಿ, ಕಣ್ಣೀರು ಹಾಕಿ ಹೋಗಿದ್ದ ಹುಡುಗ. ಅಲ್ಲಿಯ ಬಸ್‌ಸ್ಟಾಪಿನ ಜನರಿಂದ ಅವನು ಕಲಿತದ್ದು ದೂರ ನಿಲ್ಲುವುದನ್ನು ಮಾತ್ರ.

ಅವನ ಮಾಲೀಕನ ಹೆಸರು ಪೆಕ್ಕ. ಬಿಳಿ ಗಡ್ಡದ ಎತ್ತರದ ಮನುಷ್ಯ. ಪ್ರವಾಸಿಗರಿಗೆ ಹಿಮದ ಗಾಡಿಗಳನ್ನು ಬಾಡಿಗೆಗೆ ಕೊಡುತ್ತಾನೆ. ಶೆಡ್ಡಿನ ಪಕ್ಕದ ಸಣ್ಣ ಮನೆಯನ್ನು ಈರಣ್ಣನಿಗೆ ಬಿಟ್ಟುಕೊಟ್ಟಿದ್ದ. ನಾನು ಒಯ್ದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ಪೆಕ್ಕನಿಗೂ ಕೊಟ್ಟೆ. ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಮುರಿದು ತಿಂದ. ತಮ್ಮಲ್ಲೂ ಹೀಗೇ ಒಣರೊಟ್ಟಿ ಮಾಡಿ ತಿಂಗಳುಗಟ್ಟಲೆ ಇಡುತ್ತಾರೆಂದು ಹೇಳಿ ಒಂದು ತುಂಡು ತಂದುಕೊಟ್ಟ. ನಮ್ಮದಕ್ಕಿಂತ ದಪ್ಪ, ಆದರೆ ಕಡಿದಾಗ ಸದ್ದು ಅದೇ.

ಅಂಗಡಿಯ ಮಾತೆತ್ತಿದಾಗಲೆಲ್ಲ ಈರಣ್ಣ "ನಾಳೆ ಮಾತಾಡೂಣಕ್ಕಾ" ಎನ್ನುತ್ತಿದ್ದ. ಆ ನಾಡಿನಲ್ಲಿ ಮಾರ್ಚ್ ತಿಂಗಳಿಗೆ ಹಗಲು ಉದ್ದವಾಗುತ್ತ ಹೋಗುತ್ತದೆ. ನನ್ನ ನಾಳೆಯೂ ಉದ್ದವಾಗುತ್ತ ಹೋಯಿತು.

ಒಂದು ದಿನ ಹಿಮದ ಗಾಡಿಯಲ್ಲಿ ನನ್ನನ್ನು ಹಿಂದೆ ಕೂರಿಸಿಕೊಂಡು ಹೆಪ್ಪುಗಟ್ಟಿದ ಸರೋವರದ ಮೇಲೆ ಹೊರಟ. ಗಾಳಿ ಬೀಸಿ ಬೀಸಿ ಮೇಲಿನ ಪುಡಿಹಿಮ ಹಾರಿಹೋಗಿ, ಕೆಳಗೆ ಬರೀ ಗಾಜಿನಂಥ ಮಂಜುಗಡ್ಡೆ ಉಳಿದಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದೆ ಕೆಂಪು ದೀಪ ಹತ್ತಿತು. ಎಂಜಿನ್ ಕಾದಿತ್ತು. ನನಗೆ ನಗು ಬಂತು.

"ಏನೋ ಇದು, ಸುತ್ತ ಬರ್ಫ, ಅದರಾಗ ನಿನ್ನ ಗಾಡಿ ಕಾಯ್ತಲ್ಲ!"

"ಟ್ರ್ಯಾಕ್ಟರಿನಂಗ ಇದಕ್ಕ ಮುಂದ ರೇಡಿಯೇಟರ್ ಇರಂಗಿಲ್ಲಕ್ಕಾ" ಎಂದ ಈರಣ್ಣ. "ಪಟ್ಟಾ ತಿರುಗಿ ಹಿಮ ಮ್ಯಾಲ ಹಾರಸ್ತೈತಿ. ಆ ಹಿಮ ಬಡದು ಎಂಜಿನ್ನಿನ ನೀರು ತಣ್ಣಗಾಕ್ಕೈತಿ. ಬರೀ ಗಡ್ಡಿ ಇದ್ರ ಹಾರೋದು ಏನು?"

ಗಾಡಿಯ ಕೆಳಗೆ ತಿರುಗುವ ರಬ್ಬರಿನ ಪಟ್ಟಿಯನ್ನು ಹಿಡಿದಿರುವ ಉದ್ದನೆಯ ಹಳಿಗಳಿಗೆ ಪ್ಲಾಸ್ಟಿಕ್ಕಿನ ಅಂಚು ಇರುತ್ತದೆ, ಹಿಮ ತಾಕದಿದ್ದರೆ ಅದೂ ಕರಗುತ್ತದಂತೆ. ಅದಕ್ಕೆ ಉಪಾಯವೂ ಇದೆ. ಹಳಿಗೆ ಎರಡೂ ಬದಿ ಒಂದೊಂದು ಉಕ್ಕಿನ ಹಲ್ಲು ಕೂಡಿಸುತ್ತಾರೆ. ಗಾಡಿ ಓಡುವಾಗ ಅದು ಹಿಂದೆ ಎಳೆದುಕೊಂಡು ಬಂದು ಗಡ್ಡೆಯನ್ನು ಕೆರೆಯುತ್ತದೆ, ಪುಡಿ ಮೇಲೆ ಹಾರುತ್ತದೆ. ಐಸ್ ಸ್ಕ್ರ್ಯಾಚರ್ ಎಂದು ಹೆಸರು. ನಾವು ನೆಲ ಕೆರೆದು ಬಿತ್ತುತ್ತೇವೆ, ಇವರು ಕೆರೆಯ ಮೈ ಕೆರೆದು ಗಾಡಿ ತಂಪು ಮಾಡಿಕೊಳ್ಳುತ್ತಾರೆ. ಹಲ್ಲು ಎಂದ ಕೂಡಲೇ ನನ್ನ ಮೈಯಲ್ಲಿ ಜೀವ ಬಂತು. ಅಷ್ಟು ದಿನ ಸುಮ್ಮನೆ ಕುಳಿತು ಕೈ ಜಡ್ಡುಗಟ್ಟಿತ್ತು. ಮರಳಿ ಬಂದಾಗ ಜೋಡಿ ಹಲ್ಲು ತಂದು ಕೂಡಿಸಲು ಪೆಕ್ಕ ಹೇಳಿದ. ನಾನೂ ಬರುತ್ತೇನೆ ಎಂದೆ.

ಸಾಮಾನಿನ ಅಂಗಡಿ

ಆ ಅಂಗಡಿಯ ವಾಸನೆಯೊಂದೇ ಸಾಕಾಯಿತು ನನಗೆ. ಗ್ರೀಸು, ರಬ್ಬರು, ಹೊಸ ಉಕ್ಕು. ಕಣ್ಣು ಮುಚ್ಚಿದರೆ ಹಾನಗಲ್ಲು. ಕೌಂಟರಿನಲ್ಲಿ ನನ್ನ ವಯಸ್ಸಿನ ಹೆಣ್ಣುಮಗಳೇ ಕುಳಿತಿದ್ದಳು. ಆಕೆಯ ಉಗುರಿನ ಸಂದಿನ ಕಪ್ಪು ನೋಡಿ ನನ್ನ ಕೈ ತೋರಿಸಿದೆ. ನನಗೆ ಬರುವುದು ಕ್ಯಾಟಲಾಗಿನ ಇಂಗ್ಲಿಷು, ಆಕೆಯದೂ ಅಷ್ಟೇ. ನಮಗಿಬ್ಬರಿಗೂ ಅದು ಬೇಕಾದಷ್ಟಾಯಿತು.

ಆಕೆ ಎರಡು ಬಗೆ ತೆಗೆದಿಟ್ಟಳು. ಒಂದು ದಪ್ಪ ಸ್ಪ್ರಿಂಗು ಕಂಬಿಯದು, ಬುಡದಲ್ಲಿ ಸುರುಳಿ, ತುದಿಯಲ್ಲಿ ಗಡುಸು ಲೋಹದ ಮೊನೆ. ಇನ್ನೊಂದು ಉಕ್ಕಿನ ಹಗ್ಗದಂಥದು, ಹೇಗೆ ಬೇಕಾದರೂ ಬಾಗುತ್ತಿತ್ತು.

"ಗಾಡಿ ಹಿಂದಕ್ಕೆ ತೆಗೆದರೆ?" ಎಂದು ಕೇಳಿದೆ. ಕುಂಟಿ ಮಾರುವವರು ಮೊದಲು ಕೇಳುವ ಪ್ರಶ್ನೆ ಅದು. ಟ್ರ್ಯಾಕ್ಟರ್ ಹಿಂದೆ ಸರಿಯುವ ಮುಂಚೆ ಲಿವರ್ ಎತ್ತಿ ಕುಂಟಿ ಮೇಲೆ ಮಾಡದಿದ್ದರೆ ಕುಂಟಿ ಉಳಿಯುವುದಿಲ್ಲ.

ಆಕೆ ದಪ್ಪ ಕಂಬಿಯನ್ನು ಕೌಂಟರಿಗೆ ಊರಿ ಉಲ್ಟಾ ತಳ್ಳಿ ತೋರಿಸಿದಳು. ಹಿಂದೆ ಸರಿಯುವ ಮುಂಚೆ ಕೆಳಗಿಳಿದು ಇದನ್ನು ಎತ್ತಿ ಹಳಿಯ ಕೊಂಡಿಗೆ ಸಿಕ್ಕಿಸಬೇಕು, ಇಲ್ಲದಿದ್ದರೆ ಮುರಿಯುತ್ತದೆ ಎಂದಳು. ಹಗ್ಗದ್ದಾದರೆ ಮಡಚಿಕೊಂಡು ತಾನೇ ಉಳಿದುಕೊಳ್ಳುತ್ತದೆ. ಆದರೆ ಇಷ್ಟು ಗಟ್ಟಿ ಗಡ್ಡೆಯನ್ನು ದಪ್ಪ ಕಂಬಿಯಷ್ಟು ಕೆರೆಯುವುದಿಲ್ಲ.

"ದಪ್ಪಂದ ಇರ್ಲಿ" ಎಂದ ಈರಣ್ಣ.

ನಿಜ ಹೇಳುತ್ತೇನೆ, ನನಗೂ ದಪ್ಪನೆಯದೇ ಮನಸ್ಸಿಗೆ ಬಂತು. ಎರೆಹೊಲದ ಕೈ ನಮ್ಮದು, ಬಳುಕುವ ಹಲ್ಲನ್ನು ನಂಬುವುದಿಲ್ಲ. ಆದರೂ ಒಂದು ಮಾತು ಹೇಳಿದೆ.

"ಕೊಂಡಿಗೆ ಹಾಕೋದು ಮರೀಬ್ಯಾಡ ಮತ್ತ. ಇದಕ್ಕ ಲಿವರ್ ಇಲ್ಲ, ನೆಪ್ಪಿರಂಗಿಲ್ಲ."

"ಅಕ್ಕಾ, ಇದ ಕೆಲಸ ಮಾಡಾಕತ್ತೇನಿ ನಾ ಇಲ್ಲೆ" ಎಂದು ನಕ್ಕ.

ಶೆಡ್ಡು

ಗಾಡಿಯನ್ನು ಒಂದು ಮಗ್ಗುಲಿಗೆ ಎತ್ತಿ ಮರದ ದಿಮ್ಮಿ ಕೊಟ್ಟೆವು. ಹಲ್ಲು ಕೂಡಿಸುವಲ್ಲಿ ಜಾಗ ಹಿಡಿಯುವುದೇ ದೊಡ್ಡ ಕೆಲಸ. ಬಹಳ ಮುಂದಿಟ್ಟರೆ ಮೊನೆ ನೆಲಕ್ಕೆ ಕೂರುವುದಿಲ್ಲ, ಬಹಳ ಹಿಂದಿಟ್ಟರೆ ಒಳಗಿನ ಗಾಲಿಗೆ ಸಿಕ್ಕಿಕೊಳ್ಳುತ್ತದೆ. ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ ಬರಬೇಕು. ಮೊನೆ ನೆಲಕ್ಕೆ ತಾಗಿ, ಕಂಬಿ ಸ್ವಲ್ಪ ಬಾಗುವಷ್ಟು ಒತ್ತಬೇಕು. ಈರಣ್ಣ ಟೇಪು ಹುಡುಕಲು ಹೋದ. ನಾನು ಅಪ್ಪ ಮಾಡುತ್ತಿದ್ದಂತೆ ಗೇಣು ಹಾಕಿ, ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. ಅವನು ಬಂದು ಟೇಪು ಹಿಡಿದು ನೋಡಿ, ಅದೇ ಗುರುತಿಗೆ ಡ್ರಿಲ್ ಇಟ್ಟ. ನನಗೆ ಎಷ್ಟು ಹಿಗ್ಗಾಯಿತೆಂದು ಹೇಳಲಾರೆ.

"ಮದಲ ಸಣ್ಣ ತೂತು ಹಾಕೋ, ಅಲ್ಯುಮಿನಿಯಂ ಐತಿ, ಬಾಯಿ ಬಿಡ್ತೈತಿ" ಎಂದೆ.

"ಹೂಂನಕ್ಕಾ, ಗೊತ್ತೈತಿ."

"ಗೊತ್ತಿದ್ರ ದೊಡ್ಡ ಬಿಟ್ ಯಾಕ ಹಾಕೀದಿ?"

ನಾಲಗೆ ಕಚ್ಚಿಕೊಂಡು ಬಿಟ್ ಬದಲಿಸಿದ. ಬೋಲ್ಟು ಬಿಗಿಯುವಾಗ ಕೈಗವಸು ಅಡ್ಡ ಬರುತ್ತದೆಂದು ನಾನು ಅದನ್ನು ಕಿತ್ತೆಸೆದು ಬರಿಗೈಯಲ್ಲಿ ಪಾನಾ ಹಿಡಿದೆ. ಬಾಗಿಲು ತೆರೆದಿದ್ದ ಶೆಡ್ಡಿನಲ್ಲಿ ಬೆಳಗಿನಿಂದ ಬಿದ್ದಿದ್ದ ಕಬ್ಬಿಣ ಅದು. ಅಂಗೈ ಅಂಟಿಕೊಂಡಿತು. ಈರಣ್ಣ ಗಾಬರಿಯಾಗಿ ಉಗುರುಬೆಚ್ಚಗಿನ ನೀರು ತಂದು ಸುರಿದು ಬಿಡಿಸಿದ. ಸ್ವಲ್ಪ ಚರ್ಮ ಕಿತ್ತುಹೋಯಿತು. ಅವನು ಊದಿ ಊದಿ ಬಟ್ಟೆ ಕಟ್ಟುವಾಗ ಇಬ್ಬರೂ ನಕ್ಕೆವು. ಬಂದಮೇಲೆ ಅವನು ನನ್ನ ಕೈಯನ್ನು ಕುಲುಕದೆ ಹಿಡಿದದ್ದು ಅದೊಂದೇ ಸಲ.

ಇನ್ನು ಕೇಳಬೇಕಾಗಿಲ್ಲ, ಅವನೇ ಹೇಳುತ್ತಾನೆ, ಅಂಗಡಿ ನನಗೇ ಬಿಡುತ್ತಾನೆ ಎಂದು ಅವತ್ತು ನಂಬಿದೆ. ಜೊತೆಗೆ ಕೆಲಸ ಮಾಡಿದವರ ಮೇಲೆ ನಂಬಿಕೆ ಬೇಗ ಬರುತ್ತದೆ.

ಕೆಲಸ ಮುಗಿದಾಗ ಈರಣ್ಣನೇ ಕೇಳಿದ. "ಅಕ್ಕಾ, ಕುಂಕುಮ ತಂದೀ ಏನು? ಪೂಜಿ ಮಾಡೂಣಲ್ಲ, ಅಪ್ಪ ಮಾಡ್ತಿದ್ನಲ್ಲ ಹಂಗ."

ಪೂಜೆ

ನಮ್ಮ ಅಂಗಡಿಯ ಪದ್ಧತಿ ಹೇಳಬೇಕು. ಹೊಸ ಸಾಮಾನು ಕೂಡಿಸಿದ ಟ್ರ್ಯಾಕ್ಟರನ್ನು ಶೆಡ್ಡಿನೊಳಗೆ ವೀರಭದ್ರನ ಫೋಟೋದ ಕಡೆ ಮುಖ ಮಾಡಿ ನಿಲ್ಲಿಸುತ್ತೇವೆ. ಕುಂಕುಮ, ಊದಿನಕಡ್ಡಿ, ಗಾಲಿಯ ಕೆಳಗೆ ಲಿಂಬೆಹಣ್ಣು. ಆಮೇಲೆ ಹಾಗೇ ದೇವರಿಗೆ ಮುಖ ಮಾಡಿಕೊಂಡೇ ಹಿಂದಕ್ಕೆ ಸರಿಯುತ್ತ ಹೊರಗೆ ಬರಬೇಕು. ಗುಡಿಯಲ್ಲಿ ನಾವು ಹೇಗೆ ಗರ್ಭಗುಡಿಯ ಮುಂದಿನಿಂದ ಹಿಂದಕ್ಕೆ ಹೆಜ್ಜೆ ಇಡುತ್ತ ಬರುತ್ತೇವೋ ಹಾಗೆ. ದೇವರಿಗೆ ಬೆನ್ನು ತೋರಿಸಿಕೊಂಡು ಹೊರಟ ಗಾಡಿ ನಮ್ಮ ಶೆಡ್ಡಿನಿಂದ ಒಂದೂ ಇಲ್ಲ. ಟ್ರ್ಯಾಕ್ಟರಿಗೆ ತೊಂದರೆಯಿಲ್ಲ, ಪೂಜೆಗೆ ಮುಂಚೆಯೇ ಲಿವರ್ ಎತ್ತಿರುತ್ತೇವೆ.

ಈರಣ್ಣ ಮೊಬೈಲಿನಲ್ಲಿ ವೀರಭದ್ರನನ್ನು ತೆರೆದು ಎದುರಿನ ಕಪಾಟಿನ ಮೇಲಿಟ್ಟ. ಅಡುಗೆಮನೆಯಿಂದ ಲಿಂಬೆಹಣ್ಣು ತಂದ. ಮುಂದೆ ಗಾಲಿಯಿಲ್ಲ, ಜಾರುಹಲಗೆಗಳಿವೆ. ಹಣ್ಣನ್ನು ಹಿಂದಿನ ಪಟ್ಟಿಯ ಕೆಳಗೆ ಇಟ್ಟ. ನಾನು ಕುಂಕುಮ ಹಚ್ಚಿದೆ. ಅವನು ಹೆಲ್ಮೆಟ್ ಹಾಕಿಕೊಂಡು ಹತ್ತಿದ, ಕಣ್ಣು ಮುಚ್ಚಿ ಕೈಮುಗಿದ, ಗಾಡಿ ಚಾಲು ಮಾಡಿದ. ರಿವರ್ಸಿನ ಗುಂಡಿ ಒತ್ತಿದ್ದು ಕಂಡಿತು.

"ಲೇ ಈರ್ಯಾ, ನಿಲ್ಲೋ! ಕೊಂಡಿ! ಕೊಂಡಿಗೆ ಹಾಕಿಲ್ಲ!"

ಹೆಲ್ಮೆಟ್ಟಿನೊಳಗೆ ಕೇಳಿಸಲಿಲ್ಲ. ಲಟಕ್ ಎಂದಿತು. ಹಿಂದೆಯೇ ರಬ್ಬರು ಹರಿದ ಸದ್ದು. ಬಲಗಡೆಯ ಹಲ್ಲು ಮಡಚಿ, ಪಟ್ಟಿಗೂ ಗಾಲಿಗೂ ನಡುವೆ ಸಿಕ್ಕಿ ಮುರಿದಿತ್ತು. ಪಟ್ಟಿಯ ಒಂದು ಅಂಚು ಕಿತ್ತು ಬಂದಿತ್ತು. ಎಡಗಡೆಯದು ಬಾಗಿ ಡೊಂಕಾಗಿತ್ತು. ಲಿಂಬೆಹಣ್ಣು ಮಾತ್ರ ಇಡಿಯಾಗಿ ಉರುಳಿ ಗೋಡೆಯ ಹತ್ತಿರ ಬಿದ್ದಿತ್ತು.

ಸದ್ದಿಗೆ ಪೆಕ್ಕ ಬಂದ. ಬಗ್ಗಿ ನೋಡಿದ. ಯಾರೇನೂ ಕೇಳುವ ಮುಂಚೆಯೇ ಈರಣ್ಣ ಇಂಗ್ಲಿಷಿನಲ್ಲಿ ಶುರು ಮಾಡಿದ. ನನ್ನ ಕಡೆ ಕೈ ತೋರಿಸಿದ. ನನ್ನಕ್ಕ ಹಿಂದಕ್ಕೆ ತೆಗೆಯೆಂದು ಹಟ ಮಾಡಿದಳು, ಅದು ನಮ್ಮೂರ ದೇವರ ಪದ್ಧತಿ, ಈ ಗಾಡಿ ಆಕೆಗೆ ತಿಳಿಯುವುದಿಲ್ಲ, ನಾನು ಬೇಡವೆಂದೆ. ಕ್ಯಾಟಲಾಗಿನ ಇಂಗ್ಲಿಷಿಗೆ ಅಷ್ಟು ತಿಳಿಯದೆ ಇರುತ್ತದೆಯೇ?

ನಾನು ಬಾಯಿ ತೆರೆದೆ. ಅವನ ನೌಕರಿಗೆ ಕುತ್ತು ಬಂದೀತು ಎಂದು ಹೆದರಿ ಮುಚ್ಚಿಕೊಂಡೆ.

ಪೆಕ್ಕ ಸಿಟ್ಟಾಗಲಿಲ್ಲ. ಇದು ಆಗುವಂಥದೇ, ತನ್ನ ಕೈಯಲ್ಲೂ ಎಷ್ಟೋ ಮುರಿದಿವೆ ಎಂದ. ನಾಳೆ ಹಗ್ಗದ್ದನ್ನೇ ತಂದು ಹಾಕಿ ಎಂದ. ಹೋಗಿ ನನಗೊಂದು ಕಪ್ಪು ಕಾಫಿ ತಂದುಕೊಟ್ಟ. ಗೋಡೆಯ ಹತ್ತಿರ ಬಿದ್ದಿದ್ದ ಲಿಂಬೆಹಣ್ಣನ್ನು ಎತ್ತಿ, ಒರೆಸಿ, ದೇವರ ಪಕ್ಕ ಕಪಾಟಿನ ಮೇಲಿಟ್ಟ. ಆ ಮನುಷ್ಯನ ಮುಂದೆ ಸುಳ್ಳು ಹೇಳುವ ಜರೂರತ್ತೇ ಇರಲಿಲ್ಲ. ಈರಣ್ಣ ನನ್ನನ್ನು ಪುಕ್ಕಟೆ ಮಾರಿಬಿಟ್ಟ.

ಹೊರಡುವ ಹಿಂದಿನ ದಿನ

ಹಗ್ಗದ ಹಲ್ಲನ್ನು ಈರಣ್ಣ ಒಬ್ಬನೇ ಕೂಡಿಸಿದ. ನಾನು ಶೆಡ್ಡಿಗೆ ಹೋಗಲಿಲ್ಲ. ನಾನು ಹಾಕಿದ ಗುರುತಿನ ತೂತಿಗೇ ಅದು ಕೂತಿದ್ದನ್ನು ಆಮೇಲೆ ನೋಡಿದೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಕೇಳಿಯೇ ಬಿಟ್ಟೆ.

"ಈರಣ್ಣ, ನಾ ಬಂದದ್ದು ಯಾತಕ್ಕಂತ ನಿಂಗ ಗೊತ್ತೈತಿ. ಅಂಗಡಿದು ಏನಂತಿ?"

ಅವನು ತಟ್ಟೆಯನ್ನೇ ನೋಡುತ್ತ ಹೇಳಿದ. "ಬ್ಯಾಸರ ಮಾಡ್ಕೋಬ್ಯಾಡಕ್ಕಾ. ಶೋರೂಮಿನವರಿಗೆ ಹೂಂ ಅಂದೇನಿ. ನಿಂಗೂ ವಯಸ್ಸಾತು. ನಾಳೆ ಯಾವನರ ರೈತನ ಟ್ರ್ಯಾಕ್ಟರು ಹಿಂಗ ಮಾಡಿಟ್ರ ಉತ್ತರ ಕೊಡೋರು ಯಾರು? ಮೊನ್ನೆ ನೋಡಿದೆಲ್ಲ, ಜೋಡಿ ಹಲ್ಲು ಕೂಡ್ಸೋದ್ರಾಗ ಎಷ್ಟ್ ಲುಕ್ಸಾನಾತು."

"ರಿವರ್ಸ್ ಹಾಕಿದವ್ರು ಯಾರೋ?"

"ನೀನ ಅಂದಿದೆಲ್ಲಕ್ಕಾ, ಹಿಂದಕ್ಕ ತಗೋ ಅಂತ."

ನಾನು ಅವನ ಮುಖ ನೋಡಿದೆ. ಸುಳ್ಳು ಹೇಳುವಾಗ ಈರಣ್ಣನ ಎಡಗಣ್ಣು ಪಿಳುಕುತ್ತದೆ, ಚಿಕ್ಕಂದಿನಿಂದ ನೋಡಿದ್ದೇನೆ. ಅವತ್ತು ಪಿಳುಕಲಿಲ್ಲ. ಪೆಕ್ಕನಿಗೆ ಹೇಳಿದ್ದನ್ನು ತಾನೇ ನಂಬಿಬಿಟ್ಟಿದ್ದ. ನಾನು ಕೂಗಿದ್ದು, ಕೊಂಡಿ ಎಂದದ್ದು, ಅಂಗಡಿಯಲ್ಲಿ ಎಚ್ಚರಿಸಿದ್ದು, ಯಾವುದೂ ಅವನ ಪಾಲಿಗೆ ನಡೆದೇ ಇರಲಿಲ್ಲ. ಇಂಥವನ ಜೊತೆ ಏನೆಂದು ವಾದ ಮಾಡುವುದು? ತಟ್ಟೆ ಎತ್ತಿ ತೊಳೆದಿಟ್ಟೆ.

ಮರುದಿನ ವಿಮಾನ ನಿಲ್ದಾಣದಲ್ಲಿ ಅವನು ಬಗ್ಗಿ ನನ್ನ ಕಾಲು ಮುಟ್ಟಲು ಬಂದ. ನಾನು ಕೈ ಮುಂದೆ ಚಾಚಿದೆ. ಕುಲುಕಿ ಬಂದೆ.

ಮತ್ತೆ ಹಾನಗಲ್

ಮಳೆಗಾಲ ಹಿಡಿಯುವ ಮುಂಚೆ ಅಂಗಡಿ ಖಾಲಿ ಮಾಡಿದೆ. ಈಗ ಅಲ್ಲಿ ಗಾಜಿನೊಳಗೆ ಗೊಂಬೆಗಳು ಸೀರೆ ಉಟ್ಟು ನಿಂತಿವೆ. ನಾನು ಆ ಬೀದಿಯಲ್ಲಿ ಹೋಗುವುದನ್ನು ಬಿಟ್ಟಿದ್ದೇನೆ. ಸಾಮಾನು ಹೊರಲು ಮನೆಯವರು ಬಂದರು. ಕೈಗೆ ಬಂದ ರಟ್ಟಿನ ಡಬ್ಬಿಗೆ ನಟ್ಟನ್ನೂ ಬೋಲ್ಟನ್ನೂ ಕೂಡಿಸಿ ತುಂಬಿ ಹೊತ್ತು ತಂದರು. ಬೇರ್ಪಡಿಸಲು ನನಗೆ ಒಂದು ವಾರ ಹಿಡಿಯಿತು.

ಹಾವೇರಿ ರಸ್ತೆಯ ಅಂಚಿಗೆ ತಗಡಿನ ಶೆಡ್ಡೊಂದು ಬಾಡಿಗೆಗೆ ಸಿಕ್ಕಿತು. ಅಪ್ಪನ ಕಾಲದಿಂದ ವೆಲ್ಡಿಂಗ್ ಮಾಡುವ ದಾವಲಸಾಬ್ ಕರೆಯದೆಯೇ ಬಂದ. ಮೊದಲ ಗಿರಾಕಿ ಹತ್ತಿಮತ್ತೂರಿನ ನಾಗಪ್ಪ, ಹಳೆಯ ಪರಿಚಯದವನು. ಕಲ್ಟಿವೇಟರಿಗೆ ಹೊಸ ಹಲ್ಲು ಕೂಡಿಸಬೇಕಿತ್ತು. ಕೂಡಿಸಿದೆವು. ಆಮೇಲೆ ನಾನು ನಾಗಪ್ಪನಿಗೆ ಟ್ರ್ಯಾಕ್ಟರ್ ತಿರುಗಿಸಿ ರಸ್ತೆಯ ಕಡೆ ಮುಖ ಮಾಡಿ ನಿಲ್ಲಿಸಲು ಹೇಳಿದೆ. ಒಳಗೋಡೆಯಲ್ಲಿ ವೀರಭದ್ರನ ಫೋಟೋ ಹಿಂದೆ ಉಳಿಯಿತು. ಕುಂಕುಮ ಹಚ್ಚಿದೆ, ಗಾಲಿಗೆ ಲಿಂಬೆಹಣ್ಣು ಇಟ್ಟೆ.

ದಾವಲಸಾಬ್ ಕಸಿವಿಸಿಯಿಂದ ಹತ್ತಿರ ಬಂದ. "ಅಕ್ಕಾರ, ದೇವರಿಗೆ ಬೆನ್ನಾಕ್ಕೈತ್ರಿ. ಯಜಮಾನರು, ನಿಮ್ಮಪ್ಪಾರು, ಎಂದೂ ಹಿಂಗ ಮಾಡಿದ್ದಿಲ್ರಿ."

"ಯಜಮಾನರು ಮಾಡಿದ್ದೆಲ್ಲಾ ಆತು ಸಾಬ್ರ" ಎಂದೆ.

ನಾಗಪ್ಪ ಸ್ಟೇರಿಂಗ್ ಹಿಡಿದು ನನ್ನ ಮುಖ ನೋಡುತ್ತ ಕುಳಿತಿದ್ದ. "ಹೆಂಗ್ ಮಾಡ್ಲ್ರೀ ಅಕ್ಕಾರ?"

"ಹಿಂದಿನ್ ದೇವರನ್ನ ನಾ ನೋಡ್ಕೋತೇನಿ. ನೀ ಮುಂದ್ ನೋಡ್ಕೊಂಡ್ ಹೊಡಿ."

ಹೊಡೆದ. ಲಿಂಬೆಹಣ್ಣು ಒಡೆದ ಸದ್ದು ಕೇಳಿತು. ನಾನು ಕಿವಿಗೊಟ್ಟು ನಿಂತಿದ್ದೆ. ಲಟಕ್ ಎನ್ನುವ ಸದ್ದೇನೂ ಬರಲಿಲ್ಲ.